ಸೈಕಲ್‌ಗೆ ಮೋಟಾರ್ ಹಾಕಿಸುವ ಮುನ್ನ ಬ್ಯಾಟರಿ ನೋಡಿ

ಘಾಲಾದಲ್ಲಿ ಇರುವ ನಮ್ಮಂಥವರಿಗೆ ಕೆಲಸದ ಜಾಗ ತೀರಾ ದೂರವೂ ಅಲ್ಲ, ನಡೆದು ಹೋಗುವಷ್ಟು ಹತ್ತಿರವೂ ಅಲ್ಲ. ಅಝೈಬಾ, ಘುಬ್ರಾ, ಬೌಶರ್, ಅಲ್ ಖುವೈರ್ ಎಲ್ಲವೂ ಹೆಚ್ಚುಕಡಿಮೆ ಹತ್ತು ಕಿಲೋಮೀಟರಿನೊಳಗೆ. ಹಗಲಲ್ಲಿ ಬಸ್ ಹಿಡಿಯಬಹುದು. ಆದರೆ ಶಿಫ್ಟ್ ಡ್ಯೂಟಿಯವರ ಗಡಿಯಾರವೇ ಬೇರೆ. ರಾತ್ರಿ ಹನ್ನೊಂದಕ್ಕೆ ಕೆಲಸ ಬಿಟ್ಟವರಿಗೆ ಟ್ಯಾಕ್ಸಿಯೇ ಗತಿ, ದಿನಾ ಟ್ಯಾಕ್ಸಿಗೆ ಕೊಟ್ಟರೆ ಊರಿಗೆ ಕಳಿಸುವ ಹಣದಲ್ಲಿ ಕೈ ಹಾಕಬೇಕು. ಹೀಗಾಗಿ ನಮ್ಮಲ್ಲಿ ಅನೇಕರು ಸೈಕಲ್ ನೆಚ್ಚಿಕೊಂಡಿದ್ದಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸೈಕಲ್ ಸುಖವೇ. ಮೇ ತಿಂಗಳು ಬಂತೆಂದರೆ ಡ್ಯೂಟಿಗೆ ತಲುಪುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಬರುತ್ತದೆ.

ಅದಕ್ಕೇ ಈಗ ಹಳೆಯ ಸೈಕಲ್‌ಗೆ ಮೋಟಾರ್ ಕಿಟ್ ಹಾಕಿಸುವ ಮಾತು ಎಲ್ಲ ರೂಮುಗಳಲ್ಲೂ ಕೇಳಿಬರುತ್ತಿದೆ. ನಾವು ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡುವವರು, ಎಂಜಿನಿಯರ್‌ಗಳಲ್ಲ. ಆದರೆ ಲೇಬಲ್ ಓದುವುದು, ಅಳತೆ ನೋಡುವುದು, ಯಾವುದನ್ನು ಎಷ್ಟು ಬಿಸಿಯಲ್ಲಿ ಇಡಬೇಕೆಂದು ಲೆಕ್ಕ ಹಾಕುವುದು ನಮ್ಮ ದಿನನಿತ್ಯದ ಕೆಲಸ. ಕಿಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ವಾಟ್ ಮೋಟಾರ್?’ ಎಂದು. ನಾವು ಹೇಳುವುದಿಷ್ಟೆ: ಮೊದಲು ಕೇಳಬೇಕಾದದ್ದು ಬ್ಯಾಟರಿಯ ವಿಷಯ. ಮೋಟಾರ್ ಕೆಟ್ಟರೆ ತಳ್ಳಿಕೊಂಡು ಮನೆಗೆ ಬರಬಹುದು. ಬ್ಯಾಟರಿ ಕೆಟ್ಟರೆ ಅದು ಕೆಡುವುದು ಆರು ಜನ ಮಲಗಿರುವ ಕೋಣೆಯಲ್ಲಿ.

ಎಷ್ಟು ಶಕ್ತಿ ಸಾಕು?

ಸಾಮಾನ್ಯ ಮನುಷ್ಯ ಆಯಾಸವಿಲ್ಲದೆ ಪೆಡಲ್ ತುಳಿದರೆ ಸುಮಾರು 75ರಿಂದ 100 ವಾಟ್ ಶಕ್ತಿ ಕೊಡುತ್ತಾನೆ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗ ಬೇಕಾದರೆ ಒಟ್ಟು 150 ವಾಟ್‌ನ ಆಸುಪಾಸು ಸಾಕು. ಅಂದಮೇಲೆ 250 ವಾಟ್ ಮೋಟಾರ್ ನಮ್ಮ ದಾರಿಗೆ ಧಾರಾಳ. ಯುರೋಪಿನಲ್ಲೂ ಸೈಕಲ್ ಎನಿಸಿಕೊಳ್ಳಲು ಮಿತಿ 250 ವಾಟ್ ಮತ್ತು 25 ಕಿ.ಮೀ. ವೇಗ. ನಮ್ಮ ದೇಶದಲ್ಲಿ ನೋಂದಣಿ, ಲೈಸೆನ್ಸ್ ಇಲ್ಲದೆ ಓಡಿಸಬಹುದಾದ ಬ್ಯಾಟರಿ ಗಾಡಿಗೂ ಹೆಚ್ಚುಕಡಿಮೆ ಇದೇ ಮಿತಿ. ಅಂಗಡಿಯವರು 1000 ವಾಟ್, 1500 ವಾಟ್ ತೋರಿಸಿ ಆಸೆ ಹುಟ್ಟಿಸುತ್ತಾರೆ. ಸೈಕಲ್‌ನ ಬ್ರೇಕ್, ಫೋರ್ಕ್, ಚಕ್ರ ಯಾವುದನ್ನೂ ಅಷ್ಟು ವೇಗಕ್ಕೆಂದು ಮಾಡಿರುವುದಿಲ್ಲ.

ಬ್ಯಾಟರಿಯ ಲೆಕ್ಕವೂ ಸುಲಭ. ವೋಲ್ಟ್ ಮತ್ತು ಆಂಪಿಯರ್ ಅವರ್ ಗುಣಿಸಿದರೆ ವಾಟ್ ಅವರ್ ಸಿಗುತ್ತದೆ. 36 ವೋಲ್ಟ್, 10 ಆಂಪಿಯರ್ ಅವರ್ ಎಂದರೆ 360 ವಾಟ್ ಅವರ್. ನಾವೂ ಪೆಡಲ್ ತುಳಿಯುತ್ತಾ ಹೋದರೆ ಒಂದು ಕಿಲೋಮೀಟರಿಗೆ ಸುಮಾರು 10 ವಾಟ್ ಅವರ್ ಖರ್ಚು. ಸ್ವಲ್ಪ ಉಳಿಸಿಕೊಂಡರೂ 28–30 ಕಿ.ಮೀ. ಓಡುತ್ತದೆ. ಪೆಡಲ್ ಮುಟ್ಟದೆ ಆಕ್ಸಿಲರೇಟರ್ ತಿರುಗಿಸಿಕೊಂಡೇ ಹೋದರೆ 20ರ ಆಸುಪಾಸಿಗೆ ಇಳಿಯುತ್ತದೆ. ದಿನಕ್ಕೆ ಹೋಗಿಬರಲು 16 ಕಿ.ಮೀ. ಇರುವವರಿಗೆ 360 ಸಾಕು. ಎರಡು ವರ್ಷ ಕಳೆದು ಮೂರನೇ ಒಂದು ಭಾಗ ಕುಂದಿದರೂ ಸಾಕು. 48 ವೋಲ್ಟ್, 20 ಆಂಪಿಯರ್ ಅವರ್‌ನ 960 ವಾಟ್ ಅವರ್ ಬ್ಯಾಟರಿ ತಂದರೆ ದುಡ್ಡೂ ಹೆಚ್ಚು, ಭಾರವೂ ಹೆಚ್ಚು, ರೂಮಿನೊಳಗೆ ತಂದಿಟ್ಟ ಅಪಾಯವೂ ಅಷ್ಟೇ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಮೋಟಾರ್ ಎಲ್ಲಿ ಕೂರಬೇಕು?

ಕಿಟ್‌ಗಳು ಮುಖ್ಯವಾಗಿ ಮೂರು ಬಗೆ. ಮುಂದಿನ ಚಕ್ರದ ನಡುವೆ ಮೋಟಾರ್ ಇರುವುದು, ಹಿಂದಿನ ಚಕ್ರದ ನಡುವೆ ಇರುವುದು, ಪೆಡಲ್ ಅಚ್ಚಿನ ಜಾಗದಲ್ಲಿ ಕೂರುವುದು.

ಮುಂದಿನ ಚಕ್ರದ ಕಿಟ್ ಹಾಕುವುದು ಎಲ್ಲಕ್ಕಿಂತ ಸುಲಭ. ಹಳೆಯ ಚಕ್ರ ಬಿಚ್ಚಿ ಹೊಸದು ಸೇರಿಸಿದರೆ ಅರ್ಧ ಕೆಲಸ ಮುಗಿಯಿತು. ಮುಂದಿನ ಫೋರ್ಕ್‌ನ ಒಳ ಅಗಲ ಸಾಮಾನ್ಯವಾಗಿ 100 ಮಿ.ಮೀ. ಇರಬೇಕು. ಫೋರ್ಕ್ ಉಕ್ಕಿನದಾಗಿದ್ದರೆ ಒಳ್ಳೆಯದು. ಸ್ಪ್ರಿಂಗ್ ಇರುವ ಅಗ್ಗದ ಅಲ್ಯುಮಿನಿಯಂ ಫೋರ್ಕ್‌ಗೆ ಮೋಟಾರ್ ಹಾಕಿಸಬೇಡಿ, ಅಚ್ಚು ತಿರುಚಿ ತುದಿ ಒಡೆದರೆ ಓಡುತ್ತಿರುವಾಗಲೇ ಚಕ್ರ ಕಳಚುತ್ತದೆ. ಯಾವ ಫೋರ್ಕ್ ಆದರೂ ಅಚ್ಚು ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಕೇಳಿ ಹಾಕಿಸಿಕೊಳ್ಳಿ.

ಹಿಂದಿನ ಚಕ್ರದ ಮೋಟಾರ್‌ಗೆ ಹಿಡಿತ ಚೆನ್ನಾಗಿರುತ್ತದೆ. ಮರಳು ಬಿದ್ದ ರಸ್ತೆಯಲ್ಲಿ ಮುಂದಿನ ಚಕ್ರ ಜಾರುವ ಭಯ ಕಡಿಮೆ. ಇದಕ್ಕೆ ಅಗಲ ಸಾಮಾನ್ಯವಾಗಿ 135 ಮಿ.ಮೀ. ಪಂಕ್ಚರ್ ಆದಾಗ ಬಿಚ್ಚುವುದು ಮಾತ್ರ ಸ್ವಲ್ಪ ರಗಳೆ.

ಪೆಡಲ್ ಅಚ್ಚಿನ ಕಿಟ್‌ಗಳಲ್ಲಿ ಬಫಾಂಗ್, ಟಾಂಗ್‌ಶೆಂಗ್ ಎಂಬ ಚೀನಾ ಕಂಪನಿಗಳದು ಹೆಚ್ಚು ಕಾಣಸಿಗುತ್ತವೆ. ಇವು ಸೈಕಲ್‌ನ ಗೇರ್ ಬಳಸಿಕೊಳ್ಳುವುದರಿಂದ ಏರು ಹತ್ತುವುದರಲ್ಲಿ ಮುಂದು. ಘಾಲಾದ ಎತ್ತರದ ಭಾಗದಲ್ಲಿ ಇರುವವರು, ದಿನಾ ಕಡಿದಾದ ಏರು ಹತ್ತಬೇಕಾದವರು ಇದನ್ನು ಯೋಚಿಸಬಹುದು. ನಿಧಾನವಾಗಿ ಏರು ಹತ್ತುವಾಗ ಚಕ್ರದ ಮೋಟಾರ್ ಬಿಸಿಯಾಗುತ್ತದೆ, ಇದು ಅಷ್ಟಾಗುವುದಿಲ್ಲ. ಆದರೆ ಮೋಟಾರ್‌ನ ಬಲವೆಲ್ಲ ಚೈನ್ ಮೇಲೇ ಬೀಳುವುದರಿಂದ ಚೈನ್, ಗೇರ್ ಬೇಗ ಸವೆಯುತ್ತವೆ. ಅಚ್ಚಿನ ಕೊಳವೆಯ ಅಗಲ 68 ಅಥವಾ 73 ಮಿ.ಮೀ. ಇದೆಯೇ ಎಂದು ಅಳೆದು ನೋಡದೆ ಆರ್ಡರ್ ಮಾಡಬೇಡಿ.

ಸಮತಟ್ಟು ದಾರಿಯ ಹತ್ತು ಕಿಲೋಮೀಟರಿಗೆ ನಮ್ಮ ಸಲಹೆ: ಒಳಗೆ ಗೇರ್ ಇರುವ 250 ವಾಟ್‌ನ ಹಿಂದಿನ ಚಕ್ರದ ಮೋಟಾರ್, ಪೆಡಲ್ ತುಳಿದಾಗ ಮಾತ್ರ ನೆರವಾಗುವ ವ್ಯವಸ್ಥೆ, ಬ್ರೇಕ್ ಹಿಡಿದೊಡನೆ ಮೋಟಾರ್ ನಿಲ್ಲಿಸುವ ಲಿವರ್. ಮೋಟಾರ್, ಬ್ಯಾಟರಿ ಸೇರಿ ಸೈಕಲ್ ಆರೇಳು ಕಿಲೋ ಭಾರವಾಗುತ್ತದೆ. ಆದ್ದರಿಂದ ಕಿಟ್‌ನ ಜೊತೆಗೇ ಬ್ರೇಕ್ ಪ್ಯಾಡ್, ಕೇಬಲ್ ಹೊಸದು ಹಾಕಿಸಿ.

ಬ್ಯಾಟರಿಯ ಲೇಬಲ್

ಔಷಧಾಲಯದಲ್ಲಿ ನಮಗೆ ಮೊದಲು ಕಲಿಸುವ ಪಾಠ: ನೋಡಲು ಒಂದೇ ಥರ ಇರುವ ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಡಬೇಡಿ. ಚಾರ್ಜರ್‌ಗಳ ಕಥೆಯೂ ಅದೇ. 36 ವೋಲ್ಟ್‌ನ ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್ ಆಗುತ್ತದೆ. 48 ವೋಲ್ಟ್‌ನದು 54.6. ಎರಡರ ಚಾರ್ಜರ್‌ಗಳೂ ಕಪ್ಪು ಡಬ್ಬಿಗಳೇ, ಕೆಲವೊಮ್ಮೆ ಪಿನ್ ಕೂಡ ಒಂದೇ. ರೂಮಿನಲ್ಲಿ ಇಬ್ಬರ ಬಳಿ ಬೇರೆ ಬೇರೆ ಕಿಟ್ ಇದ್ದರೆ ಚಾರ್ಜರ್ ಮೇಲೆ ಹೆಸರು, ವೋಲ್ಟ್ ಎರಡನ್ನೂ ಬಿಳಿ ಟೇಪ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. 36ರ ಬ್ಯಾಟರಿಗೆ 48ರ ಚಾರ್ಜರ್ ಚುಚ್ಚುವುದೆಂದರೆ ಮಗುವಿಗೆ ದೊಡ್ಡವರ ಡೋಸ್ ಕೊಟ್ಟ ಹಾಗೆ.

ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಹೆಚ್ಚು ಚಾರ್ಜ್, ಹೆಚ್ಚು ಕರೆಂಟ್ ಆದರೆ ಅದು ಕತ್ತರಿಸುತ್ತದೆ. ಅದು ಅಗ್ಗದ್ದಾದರೆ ಕಾವಲೂ ಅಗ್ಗದ್ದೇ. ಬ್ಯಾಟರಿಗೆ ಯುಎಲ್ 2271 ಅಥವಾ ಇಎನ್ 50604, ಇಡೀ ಕಿಟ್ ಅಥವಾ ಸೈಕಲ್‌ಗೆ ಯುಎಲ್ 2849 ಅಥವಾ ಇಎನ್ 15194 ಎಂಬ ಗುರುತು ಇದೆಯೇ ನೋಡಿ. ಯುಎನ್ 38.3 ಎಂದಷ್ಟೇ ಬರೆದಿದ್ದರೆ ಅದು ಸಾಗಾಟದ ಪರೀಕ್ಷೆ, ದಿನಾ ಚಾರ್ಜ್ ಮಾಡುವ ಸುರಕ್ಷತೆಯ ಪರೀಕ್ಷೆಯಲ್ಲ. ಹಳೆಯ ಲ್ಯಾಪ್‌ಟಾಪ್ ಸೆಲ್ ಬಿಚ್ಚಿ ಕಟ್ಟಿದ ಬ್ಯಾಟರಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಮುಟ್ಟಬೇಡಿ. ಕಿಟ್‌ನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದೇ. ಉಳಿಸಬೇಕೆಂದರೆ ಡಿಸ್‌ಪ್ಲೇಯಲ್ಲಿ ಉಳಿಸಿ, ಮೋಟಾರ್‌ನ ವಾಟ್‌ನಲ್ಲಿ ಉಳಿಸಿ, ಇಲ್ಲಿ ಬೇಡ.

ಮಸ್ಕತ್‌ನ ಬಿಸಿಲು

ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ನಮಗೆಲ್ಲ ಗೊತ್ತು. ಆ ವಿಶ್ರಾಂತಿ ಬ್ಯಾಟರಿಗೂ ಬೇಕು. ಸಾಮಾನ್ಯ ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬಿಸಿಲಲ್ಲಿ ನಿಂತ ಸೈಕಲ್‌ನ ಕಪ್ಪು ಬ್ಯಾಟರಿ ಗಾಳಿಗಿಂತ ಎಷ್ಟೋ ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಕೈಯಲ್ಲಿ ತೆಗೆದುಕೊಂಡು ಹೋಗಬಹುದಾದ, ಬೀಗ ಇರುವ ಬ್ಯಾಟರಿಯನ್ನೇ ಆರಿಸಿ. ಡ್ಯೂಟಿಗೆ ಹೋದಾಗ ಅನುಮತಿ ಕೇಳಿ ನೆರಳಿನಲ್ಲಿಡಿ. ಮನೆಗೆ ಬಂದೊಡನೆ ಚಾರ್ಜ್‌ಗೆ ಹಾಕಬೇಡಿ. ಮುಟ್ಟಿದರೆ ಕೈಗೆ ತಣ್ಣಗಾಗುವವರೆಗೆ ಒಂದು ಗಂಟೆ ಬಿಡಿ.

ಇನ್ನೊಂದು ಮಾತು. ಪೂರ್ತಿ ತುಂಬಿಸಿ ಬಿಸಿಯಲ್ಲಿ ಇಟ್ಟ ಬ್ಯಾಟರಿ ಬೇಗ ಮುದಿಯಾಗುತ್ತದೆ. 40 ಡಿಗ್ರಿಯಲ್ಲಿ ಪೂರ್ತಿ ತುಂಬಿಟ್ಟದ್ದು ಒಂದು ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಅರ್ಧಕ್ಕಿಂತ ಕಡಿಮೆ ತುಂಬಿಸಿಟ್ಟದ್ದು ಅದರ ಅರ್ಧದಷ್ಟೂ ಕಳೆದುಕೊಳ್ಳುವುದಿಲ್ಲ. ಎರಡು ತಿಂಗಳು ವೆಕೇಶನ್‌ಗೆ ಊರಿಗೆ ಹೋಗುವವರು ಬ್ಯಾಟರಿಯನ್ನು ಅರ್ಧದಷ್ಟೇ ತುಂಬಿಸಿ, ಸೈಕಲ್‌ನಿಂದ ಬಿಚ್ಚಿ, ತಂಪಾದ ಕಡೆ ಇಟ್ಟು ಹೋಗಿ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ ಸೆಲ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ವಲ್ಪ ಭಾರ, ಆದರೆ ಬಿಸಿಗೆ ಬೇಗ ಹೊತ್ತಿಕೊಳ್ಳುವುದಿಲ್ಲ, ಬಾಳಿಕೆಯೂ ಹೆಚ್ಚು. ಅದರ ಚಾರ್ಜರ್ ಮಾತ್ರ ಬೇರೆ, ಅದನ್ನು ಬೆರೆಸಬೇಡಿ.

ಮೋಟಾರ್ ಇದ್ದರೂ ಬಿಸಿಲು ನಮ್ಮ ಮೈಮೇಲೇ ಬೀಳುವುದು. ನೀರಿನ ಬಾಟಲಿ ಬಿಡಬೇಡಿ. ನೆಗಡಿಗೆ, ತುರಿಕೆಗೆ ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡ ದಿನ ಸೈಕಲ್ ಬೇಡ.

ಮಲಗುವ ಕೋಣೆಯಲ್ಲಿ ಚಾರ್ಜಿಂಗ್

ನ್ಯೂಯಾರ್ಕ್ ನಗರದಲ್ಲಿ ಊಟ ತಲುಪಿಸುವ ಕೆಲಸದವರು, ಬಹುಪಾಲು ಹೊರದೇಶದಿಂದ ಬಂದವರು, ಇಂಥ ಸೈಕಲ್‌ಗಳನ್ನೇ ನಂಬಿದ್ದಾರೆ. ಅವರ ವಾಸವೂ ನಮ್ಮ ಹಾಗೆ ಹಂಚಿಕೊಂಡ ಇಕ್ಕಟ್ಟಿನ ಮನೆಗಳಲ್ಲಿ. 2023ರಲ್ಲಿ ಆ ಒಂದು ನಗರದಲ್ಲೇ ಲಿಥಿಯಂ ಬ್ಯಾಟರಿಯ ಬೆಂಕಿಗೆ 18 ಜನ ಬಲಿಯಾದರು. ಆ ವರ್ಷ ಸೆಪ್ಟೆಂಬರ್‌ನಿಂದ ಪ್ರಮಾಣಪತ್ರ ಇಲ್ಲದ ಬ್ಯಾಟರಿ, ಸೈಕಲ್ ಮಾರುವುದನ್ನು ಅಲ್ಲಿ ಕಾನೂನಿನಿಂದ ನಿಲ್ಲಿಸಿದರು. ನಾವು ಅಂಥ ಕಾನೂನಿಗೆ ಕಾಯಬೇಕಾಗಿಲ್ಲ. ನಮ್ಮ ರೂಮಿಗೆ ನಾವೇ ನಿಯಮ ಮಾಡಿಕೊಳ್ಳಬಹುದು.

ಕಿಟ್ ತರುವ ಮೊದಲು ರೂಮಿನವರನ್ನು, ಕಟ್ಟಡ ನೋಡಿಕೊಳ್ಳುವವರನ್ನು ಕೇಳಿ. ಒಬ್ಬರು ಬೇಡವೆಂದರೂ ಅವರ ಮಾತಿಗೆ ಬೆಲೆ ಇದೆ, ಅವರೂ ಅಲ್ಲೇ ಮಲಗುವವರು. ಎಲ್ಲರೂ ಎಚ್ಚರವಿರುವ ಹೊತ್ತಿನಲ್ಲಿ, ಸಂಜೆ, ಚಾರ್ಜ್ ಮಾಡಿ. ಮಲಗುವ ಮುಂಚೆ ತೆಗೆದುಬಿಡಿ. ಮಂಚದ ಕೆಳಗೆ, ಹಾಸಿಗೆ ಮೇಲೆ, ಬಟ್ಟೆ ರಾಶಿಯ ಪಕ್ಕ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲ ಬಳಿ ಬೇಡ. ಬೆಂಕಿ ಹತ್ತಿದರೆ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ. ಸಿಮೆಂಟ್ ನೆಲದ ಮೇಲೆ, ಗಾಳಿಯಾಡುವ ಕಡೆ ಇಡಿ. ಗೋಡೆಯ ಮೂರು ಪಿನ್ ಸಾಕೆಟ್‌ಗೇ ನೇರವಾಗಿ ಹಾಕಿ. ಇಸ್ತ್ರಿಪೆಟ್ಟಿಗೆ, ಕೆಟಲ್, ಮೊಬೈಲ್‌ಗಳು ಜೋತಾಡುವ ಎಕ್ಸ್‌ಟೆನ್ಷನ್‌ಗೆ ಇದನ್ನೂ ಸೇರಿಸಬೇಡಿ. ಬ್ಯಾಟರಿ ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ, ಬಿದ್ದು ಒಡೆದಿದ್ದರೆ, ವಾದಿಯ ನೀರಿನಲ್ಲಿ ಮುಳುಗಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಹೊಗೆ ಕಂಡರೆ ಬ್ಯಾಟರಿ ಉಳಿಸಲು ಹೋಗದೆ ಎಲ್ಲರನ್ನೂ ಎಬ್ಬಿಸಿ ಹೊರಗೆ ಬನ್ನಿ, ಬಾಗಿಲು ಎಳೆದುಕೊಳ್ಳಿ, 9999ಕ್ಕೆ ಕರೆ ಮಾಡಿ.

ರಸ್ತೆ ಮತ್ತು ಪೊಲೀಸ್

ಪ್ರತಿ ವರ್ಷ ಟೂರ್ ಆಫ್ ಓಮಾನ್ ಸೈಕಲ್ ಸ್ಪರ್ಧೆ ಬಂದಾಗ ನಾವು ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತೇವೆ. ಆ ದಿನ ಅವರಿಗೆ ರಸ್ತೆ ಖಾಲಿ ಮಾಡಿಕೊಡುತ್ತಾರೆ, ನಮಗಲ್ಲ. ಮೋಟಾರ್ ಬಂತೆಂದು ಸುಲ್ತಾನ್ ಖಾಬೂಸ್ ರಸ್ತೆಗೋ ಎಕ್ಸ್‌ಪ್ರೆಸ್‌ವೇಗೋ ಇಳಿಯಬೇಡಿ. ಎರಡು ಕಿಲೋಮೀಟರ್ ಸುತ್ತಾದರೂ ಸರ್ವಿಸ್ ರಸ್ತೆ, ಒಳರಸ್ತೆಯೇ ಇರಲಿ. ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮಿನುಗುವ ಜಾಕೆಟ್ ಇವು ಕಿಟ್‌ನ ಬಜೆಟ್‌ನೊಳಗೇ ಸೇರಲಿ. ಹಣ ಕೊಡುವ ಮೊದಲು ರಾಯಲ್ ಓಮಾನ್ ಪೊಲೀಸ್‌ನ ಸಂಚಾರ ವಿಭಾಗದಲ್ಲಿ ನಿಮ್ಮ ಕಿಟ್‌ನ ವಾಟ್, ವೇಗ ಹೇಳಿ ಕೇಳಿಕೊಳ್ಳಿ. ಅಂಗಡಿಯವರ ಬಾಯಿಮಾತು ದಂಡ ಕಟ್ಟುವಾಗ ಕೆಲಸಕ್ಕೆ ಬರುವುದಿಲ್ಲ.

ಊರಿಗೆ ಹೋಗುವಾಗ

ಫೈನಲ್ ಎಕ್ಸಿಟ್ ಹೊತ್ತಿಗೆ ಕಿಟ್ ಬಿಚ್ಚಿ ಊರಿಗೆ ಒಯ್ಯುತ್ತೇವೆ ಎಂದುಕೊಂಡವರು ಇದನ್ನು ತಿಳಿದಿರಬೇಕು. ವಿಮಾನ ಪ್ರಯಾಣಿಕರು 100 ವಾಟ್ ಅವರ್‌ವರೆಗಿನ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲಿ ಒಯ್ಯಬಹುದು. 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದು ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ನಮ್ಮದು 360. ಅಂದರೆ ಬ್ಯಾಟರಿ ಇಲ್ಲೇ ಉಳಿಯುತ್ತದೆ. ಮೋಟಾರ್, ಚಕ್ರ ಒಯ್ದರೂ ಊರಿನಲ್ಲಿ ಅದೇ ವೋಲ್ಟ್‌ನ ಹೊಸ ಬ್ಯಾಟರಿ ಕೊಳ್ಳಬೇಕು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿದು ಕಿಟ್‌ಗೆ ಎಷ್ಟು ಕೊಡಬಹುದೆಂದು ತೀರ್ಮಾನಿಸಿ.

ಇಲ್ಲೇ ಮಾರುವುದಾದರೆ ಎಷ್ಟು ವರ್ಷದ್ದು, ಎಷ್ಟು ದೂರ ಓಡುತ್ತದೆ, ಯಾವ ಚಾರ್ಜರ್ ಎಂದು ಚೀಟಿ ಬರೆದು ಚಾರ್ಜರ್ ಸಮೇತ ಕೊಡಿ. ಮುಗಿದುಹೋದ ಬ್ಯಾಟರಿಯನ್ನು ರೂಮಿನ ಮೂಲೆಯಲ್ಲಿ ಬಿಟ್ಟು ಹೋಗಬೇಡಿ, ಕಸದ ತೊಟ್ಟಿಗೂ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ, ಬ್ಯಾಟರಿ ತೆಗೆದುಕೊಳ್ಳುವವರಿಗೆ ಒಪ್ಪಿಸಿಯೇ ವಿಮಾನ ಹತ್ತಿ. ನಾವು ಬಿಟ್ಟುಹೋದ ಮಂಚಕ್ಕೆ ಮುಂದಿನ ವಾರ ಊರಿನಿಂದ ಹೊಸದಾಗಿ ಒಬ್ಬ ಹುಡುಗ ಬರುತ್ತಾನೆ. ಅದರ ಕೆಳಗೆ ಏನಿದೆಯೆಂದು ಅವನಿಗೆ ಗೊತ್ತಿರುವುದಿಲ್ಲ.