ಕಂಪನಾಂಕದ ಸ್ವೀಪ್: ಕ್ರಮದ ಆಯ್ಕೆ

ಧ್ವನಿವರ್ಧಕವನ್ನು ಪರೀಕ್ಷಿಸುವ ಸಿಗ್ನಲ್ ಜನರೇಟರ್ ತನ್ನ ಕಂಪನಾಂಕವನ್ನು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಎಡೆಬಿಡದೆ ಏರಿಸುತ್ತದೆ. ಇದಕ್ಕೆ ಸ್ವೀಪ್ ಎಂದು ಹೆಸರು. ಪ್ರತಿ ಸೆಕೆಂಡಿಗೂ ಸಮಸಂಖ್ಯೆಯ ಹರ್ಟ್ಸ್ ಕೂಡುತ್ತ ಹೋದರೆ ಅದು ಲೀನಿಯರ್ ಕ್ರಮ. ಒಂದೇ ಪ್ರಮಾಣದಲ್ಲಿ ಗುಣಿಸುತ್ತ ಹೋದರೆ ಲಾಗರಿತಮ್ ಕ್ರಮ.

ಮಧ್ಯಷಡ್ಜದಿಂದ ತಾರಷಡ್ಜಕ್ಕೆ ಏರುವಾಗ ಕಂಪನಾಂಕವು ಇಮ್ಮಡಿಯಾಗುತ್ತದೆ. ಕಿವಿಯು ಗ್ರಹಿಸುವುದು ಈ ಅನುಪಾತವನ್ನೇ. 20 ಸೆಕೆಂಡುಗಳ ಲೀನಿಯರ್ ಸ್ವೀಪ್ 1,000 ಹರ್ಟ್ಸ್‌ವರೆಗಿನ ಭಾಗವನ್ನು ಸುಮಾರು ಒಂದೇ ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಲಾಗರಿತಮ್ ಸ್ವೀಪ್ ಅದೇ ಭಾಗಕ್ಕೆ ಸುಮಾರು 11 ಸೆಕೆಂಡುಗಳನ್ನು ಮೀಸಲಿಡುತ್ತದೆ. ಮಂದ್ರಧ್ವನಿಯ ದೋಷಗಳು ಮೊದಲಿನದರಲ್ಲಿ ಕಣ್ತಪ್ಪುವುದು ಸಹಜ.

ಹಾಗೆಂದು ಲಾಗರಿತಮ್ ಕ್ರಮವೇ ಸರ್ವತ್ರ ಯುಕ್ತವೆನ್ನಲಾಗದು. ಎಫ್.ಎಂ. ರೇಡಿಯೋದ 10.7 ಮೆಗಾಹರ್ಟ್ಸ್ ಫಿಲ್ಟರಿನಲ್ಲಿ ನೋಡಬೇಕಾದುದು ಕೇಂದ್ರದ ಇಕ್ಕೆಲಗಳ ಕೆಲವೇ ನೂರು ಕಿಲೋಹರ್ಟ್ಸ್. ಅಂತಹ ಕಿರಿದಾದ ವ್ಯಾಪ್ತಿಗೆ, ಅಂಚುಗಳ ಅಂತರವನ್ನು ನೇರವಾಗಿ ಓದಿಕೊಳ್ಳಲು, ಲೀನಿಯರ್ ಕ್ರಮವೇ ಅನುಕೂಲ.

ಕ್ರಮವಾವುದಾದರೂ ವೇಗವು ಮಿತಿಮೀರಬಾರದು. ಕಿರಿದಾದ ಫಿಲ್ಟರು ಸ್ಪಂದಿಸಲು ಕಾಲಾವಕಾಶ ಬೇಕು. ಅವಸರಿಸಿದರೆ ರೇಖೆಯ ಶಿಖರವು ತಗ್ಗಿ, ಪಕ್ಕಕ್ಕೆ ಸರಿದು ಕಾಣುತ್ತದೆ; ನಿರ್ದುಷ್ಟವಾದ ಫಿಲ್ಟರೂ ತಿರಸ್ಕೃತವಾದೀತು. ವೇಗವನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ಅಳೆದಾಗಲೂ ರೇಖೆ ಬದಲಾಗದಿದ್ದರೆ ಆ ಫಲವನ್ನು ನಂಬಬಹುದು.