ತೂಕ ಏರದ ಹಂದಿ: ಕೊರತೆ ಪ್ರೊಟೀನ್‌ನದ್ದಲ್ಲ, ಲೈಸಿನ್‌ನದ್ದು

ಮುಂಬಯಿಯ ಹೊಟೇಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಬಳಿಕ ಊರಿನ ಜಾಗದಲ್ಲಿ ಏನಾದರೂ ಸಾಕಣೆ ಆರಂಭಿಸಬೇಕೆಂದು ಲೆಕ್ಕ ಹಾಕುವ ತುಳು-ಕನ್ನಡಿಗರು ಕಡಿಮೆಯೇನಲ್ಲ. ಹೈನು, ಕೋಳಿಗಳ ಜತೆಗೆ ಹಂದಿ ಸಾಕಣೆಯ ಮಾತೂ ಬರುತ್ತದೆ. ಕೊಡಗಿನವರ ಮನೆಯ ಮದುವೆಗೂ ಮಂಗಳೂರಿನ ಕ್ರೈಸ್ತ ಬಾಂಧವರ ಹಬ್ಬಕ್ಕೂ ಹಂದಿ ಮಾಂಸ ಬೇಕೇ ಬೇಕಾದ್ದರಿಂದ ಬೇಡಿಕೆ ಇದ್ದೇ ಇದೆ. ತೊಡಕಿರುವುದು ಖರ್ಚಿನಲ್ಲಿ. ಒಟ್ಟು ವೆಚ್ಚದ ಅರ್ಧಕ್ಕಿಂತ ಹೆಚ್ಚು ಪಾಲು ಆಹಾರಕ್ಕೇ ಹೋಗುತ್ತದೆ. ಅಷ್ಟು ಖರ್ಚು ಮಾಡಿಯೂ ಹಂದಿ ನಿರೀಕ್ಷಿಸಿದಷ್ಟು ತೂಗದಿದ್ದರೆ ಸಾಕಿದವನು ಮಾಡುವ ಮೊದಲ ಕೆಲಸ ಹಿಂಡಿಯನ್ನು ಇನ್ನಷ್ಟು ಸುರಿಯುವುದು. ಅದು ಹಲವು ಬಾರಿ ದಂಡ.

ಪ್ರೊಟೀನ್ ಎಂಬುದು ಸುಮಾರು 20 ಬಗೆಯ ಅಮೈನೋ ಆಮ್ಲಗಳ ಸರಪಳಿ. ಅವುಗಳಲ್ಲಿ ಹತ್ತನ್ನು ಬೆಳೆಯುವ ಹಂದಿ ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು, ಮೇವಿನಿಂದಲೇ ಸಿಗಬೇಕು. ಮಾಟುಂಗಾದಲ್ಲಿ ಮಾಲೆ ಕಟ್ಟುವವನ ಬುಟ್ಟಿಯಲ್ಲಿ ಮಲ್ಲಿಗೆ ತುಂಬಿ ತುಳುಕುತ್ತಿದ್ದರೂ, ಗೇಣಿಗೊಂದರಂತೆ ಪೋಣಿಸಬೇಕಾದ ಗುಲಾಬಿ ಮುಗಿದರೆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಹಂದಿಯ ಮಾಂಸಖಂಡ ಬೆಳೆಯುವುದೂ ಹೀಗೆಯೇ. ಧಾನ್ಯ ತಿನ್ನುವ ಹಂದಿಗೆ ಎಲ್ಲಕ್ಕಿಂತ ಮೊದಲು ಮುಗಿಯುವ ಆ ಗುಲಾಬಿಯೇ ಲೈಸಿನ್. ಮೆಕ್ಕೆಜೋಳ, ಅಕ್ಕಿ, ಗೋಧಿ ಎಲ್ಲದರಲ್ಲೂ ಅದು ಕಡಿಮೆ. ಅನ್ನದ ಜತೆ ಬೇಳೆಸಾರು ಉಣ್ಣುವ ನಮಗೆ ಆ ಕೊರತೆಯನ್ನು ಬೇಳೆ ತುಂಬಿಕೊಡುತ್ತದೆ.

ಉಳಿದ ಅಮೈನೋ ಆಮ್ಲಗಳನ್ನು ನಾಳೆಗೆಂದು ಕೂಡಿಡುವ ವ್ಯವಸ್ಥೆ ದೇಹದಲ್ಲಿಲ್ಲ. ಯಕೃತ್ತು ಅವುಗಳಿಂದ ಸಾರಜನಕವನ್ನು ಬೇರ್ಪಡಿಸಿ ಯೂರಿಯಾ ಆಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಮಿಕ್ಕ ಭಾಗ ಶಕ್ತಿಗಾಗಿ ಉರಿದುಹೋಗುತ್ತದೆ, ಇಲ್ಲವೇ ಕೊಬ್ಬಾಗುತ್ತದೆ. ಹಂದಿಗೂಡಿನ ಅಮೋನಿಯಾ ವಾಸನೆಗೂ ನೆರೆಮನೆಯವರ ದೂರಿಗೂ ಇದೇ ಮೂಲ. ಅಂದರೆ ದುಡ್ಡು ಕೊಟ್ಟು ತಂದ ಹಿಂಡಿಯ ಒಂದು ಪಾಲು ಚರಂಡಿಗೆ ಹೋಗುತ್ತಿದೆ ಎಂದಾಯಿತು.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ. 80 ಕಿಲೋ ಮೆಕ್ಕೆಜೋಳಕ್ಕೆ 20 ಕಿಲೋ ನೆಲಗಡಲೆ ಹಿಂಡಿ ಬೆರೆಸಿದರೆ ಸುಮಾರು ಶೇ. 15ರಷ್ಟು ಪ್ರೊಟೀನ್ ಸಿಗುತ್ತದೆ. ನೆಲಗಡಲೆಯ ಬದಲು ಅಷ್ಟೇ ತೂಕದ ಸೋಯಾ ಹಿಂಡಿ ಹಾಕಿದರೂ ಪ್ರೊಟೀನ್ ಹೆಚ್ಚು ಕಡಿಮೆ ಅಷ್ಟೇ. ಆದರೆ ಮೊದಲನೆಯ ಮಿಶ್ರಣದಲ್ಲಿ ಲೈಸಿನ್ ಸುಮಾರು ಅರ್ಧ ಕಿಲೋ ಮಾತ್ರ, ಎರಡನೆಯದರಲ್ಲಿ ಮುಕ್ಕಾಲು ಕಿಲೋ. 25ರಿಂದ 50 ಕಿಲೋ ತೂಕದ ಉತ್ತಮ ತಳಿಯ ಹಂದಿಗೆ ಪ್ರತಿ 100 ಕಿಲೋ ಮೇವಿನಲ್ಲಿ ಜೀರ್ಣವಾಗುವ ಲೈಸಿನ್ ಒಂದು ಕಿಲೋದಷ್ಟು ಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಪ್ರಕಟಿಸಿದ ಕೋಷ್ಟಕ ಹೇಳುತ್ತದೆ. ಹಾಗಾಗಿ ಸೋಯಾ ಮಿಶ್ರಣವೂ ಆ ವಯಸ್ಸಿಗೆ ಸಾಲದು, ನೆಲಗಡಲೆಯದ್ದು ಅರ್ಧದಾರಿ. ಚೀಲದ ಚೀಟಿಯಲ್ಲಿ ಪ್ರೊಟೀನ್ ಎಷ್ಟೆಂದು ಮಾತ್ರ ನೋಡುವವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇದೇ ಸಂಗತಿ 1960ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬೇರೊಂದು ದಾರಿಯಿಂದ ಹೊರಬಿತ್ತು. 'ಒಪೇಕ್-2' ಎಂಬ ಮೆಕ್ಕೆಜೋಳದ ತಳಿಯಲ್ಲಿ ಲೈಸಿನ್ ಸಾಮಾನ್ಯ ಜೋಳಕ್ಕಿಂತ ಬಹಳ ಹೆಚ್ಚಿದೆಯೆಂದು ಎಡ್ವಿನ್ ಮರ್ಟ್ಜ್, ಆಲಿವರ್ ನೆಲ್ಸನ್ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದರು. ಮೊದಲು ಇಲಿಗಳಿಗೆ, ಆಮೇಲೆ ಹಂದಿಗಳಿಗೆ ಅದನ್ನು ತಿನ್ನಿಸಿದಾಗ ಬರೀ ಸಾಮಾನ್ಯ ಜೋಳ ತಿಂದವುಗಳನ್ನು ಅವು ಹಿಂದೆ ಹಾಕಿದವು. ಭಾರತದಲ್ಲೂ 1971ರಲ್ಲಿ ಶಕ್ತಿ, ರತನ್, ಪ್ರೋಟಿನಾ ಎಂಬ ತಳಿಗಳು ಬಿಡುಗಡೆಯಾದವು. ಆದರೆ ಕಾಳು ಮೆದು, ಹುಳು ಬೇಗ ಹಿಡಿಯುತ್ತಿತ್ತು, ಇಳುವರಿಯೂ ಕಡಿಮೆ. ರೈತರು ಕೈಬಿಟ್ಟರು. ಪಟ್ಟುಬಿಡದೆ ಮೆಕ್ಸಿಕೋದ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದು ಗಟ್ಟಿ ಕಾಳಿನಲ್ಲೇ ಲೈಸಿನ್ ಉಳಿಸಿಕೊಂಡವರು ಅಲ್ಲಿನ ಇವಾಂಜೆಲಿನಾ ವಿಲ್ಲೆಗಾಸ್ ಮತ್ತು ನಮ್ಮ ದೇಶದವರೇ ಆದ ಸುರಿಂದರ್ ವಾಸಲ್. ಇಬ್ಬರಿಗೂ 2000ನೇ ಇಸವಿಯ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಮೆಕ್ಕೆಜೋಳದ ಕಣಜವೆನಿಸಿದ ದಾವಣಗೆರೆ, ಹಾವೇರಿಯವರಾದರೂ ಈ ಹೆಸರನ್ನು ನೆನಪಿಡಬೇಕಿತ್ತು.

ಕೊರತೆ ತುಂಬಲು ಇನ್ನೊಂದು ದಾರಿಯೂ ಇದೆ. 1950ರ ದಶಕದಲ್ಲಿ ಜಪಾನಿನ ಶುಕುವೊ ಕಿನೋಷಿತಾ ಮತ್ತು ಸಂಗಡಿಗರು ಒಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ತಿನ್ನಿಸಿ ಅಮೈನೋ ಆಮ್ಲ ತಯಾರಿಸುವ ವಿಧಾನ ಕಂಡುಹಿಡಿದರು. ಇಂದು ಮೇವಿಗೆ ಬೆರೆಸುವ ಲೈಸಿನ್ ಪುಡಿ ಆ ವಿಧಾನದ್ದೇ ಫಲ. ಈ ಪುಡಿಯ ವ್ಯಾಪಾರ ಎಷ್ಟು ದೊಡ್ಡದೆಂದರೆ, ಬೇರೆ ಕಂಪೆನಿಗಳ ಜತೆ ಸೇರಿ ಗುಟ್ಟಾಗಿ ಬೆಲೆ ನಿಗದಿಪಡಿಸಿದ ತಪ್ಪನ್ನು ಒಪ್ಪಿಕೊಂಡ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪೆನಿ 1996ರಲ್ಲಿ ಲೈಸಿನ್ ವಿಷಯಕ್ಕೇ 7 ಕೋಟಿ ಡಾಲರ್ ದಂಡ ತೆತ್ತಿತು. ಹಂದಿಯ ಮೇವಿನಲ್ಲೂ ಇಂಥ ಹಗರಣ!

ಮೇಲಿನ ನೆಲಗಡಲೆ ಮಿಶ್ರಣಕ್ಕೆ 300 ಗ್ರಾಂ ಪುಡಿ ಬೆರೆಸಿದರೆ ಲೈಸಿನ್‌ನಲ್ಲಿ ಅದು ಸೋಯಾ ಮಿಶ್ರಣಕ್ಕೆ ಸಮವಾಗುತ್ತದೆ. ಆದರೆ ಪೂರ್ತಿ ಸಮವಲ್ಲ. ಲೈಸಿನ್ ತುಂಬಿದೊಡನೆ ಥ್ರಿಯೋನಿನ್, ಮೆಥಿಯೋನಿನ್‌ಗಳ ಕೊರತೆ ಎದ್ದು ಕಾಣುತ್ತದೆ, ನೆಲಗಡಲೆಯಲ್ಲಿ ಅವೂ ಕಡಿಮೆ. ಸರಿದೂಗಿಸಿಕೊಂಡರೆ ಒಟ್ಟು ಪ್ರೊಟೀನನ್ನೇ ಕೊಂಚ ಇಳಿಸಬಹುದು. ಶೇ. 15 ಇದ್ದದ್ದನ್ನು 14ಕ್ಕೆ ಇಳಿಸಿದರೂ ಮಲಮೂತ್ರದ ಸಾರಜನಕ ಹತ್ತರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ, ವಾಸನೆಯೂ ಕಡಿಮೆ.

ಹೊಟೇಲಿನ ಉಳಿಕೆ ಅನ್ನ, ಚಪಾತಿ, ಬ್ರೆಡ್ಡನ್ನೇ ನಂಬಿದ ಹಂದಿಗೂಡುಗಳಲ್ಲಿ ಹಂದಿ ದುಂಡಗಾಗುವುದುಂಟು, ಮಾಂಸ ಬೆಳೆಯದು. ಜತೆಗೆ ಸೋಯಾ ಹಿಂಡಿ ಅಥವಾ ಅಗ್ಗದ ಮೀನು ಬೇಕು. ಉಳಿಕೆಯನ್ನು ಚೆನ್ನಾಗಿ ಕುದಿಸಲೇಬೇಕು, ಏಕೆಂದರೆ 2020ರಲ್ಲಿ ಅಸ್ಸಾಂನಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಬೇಯಿಸದ ಉಳಿಕೆ ಮಾಂಸದ ಮೂಲಕವೂ ಹರಡುತ್ತದೆ, ಅದಕ್ಕೆ ಔಷಧವಿಲ್ಲ. ಹಸಿ ಸೋಯಾಕಾಳು ಹಾಕಿದರೂ ನಷ್ಟವೇ. ಅದರಲ್ಲಿರುವ ಅಂಶವೊಂದು ಪ್ರೊಟೀನ್ ಜೀರ್ಣವಾಗದಂತೆ ತಡೆಯುತ್ತದೆ. ಹುರಿದು ಹಾಕಬೇಕು, ಆದರೆ ಕಪ್ಪಾಗುವಷ್ಟು ಹುರಿದರೆ ಲೈಸಿನ್ನೇ ಕೆಟ್ಟುಹೋಗುತ್ತದೆ.

ಹಾಲು ಬಿಟ್ಟ ಮರಿಗೆ ಲೈಸಿನ್ ಅತಿ ಹೆಚ್ಚು ಬೇಕು, ತೂಕ ಏರಿದಂತೆ ಮೇವಿನಲ್ಲಿ ಅದರ ಪ್ರಮಾಣ ಇಳಿಸುತ್ತ ಹೋಗಬಹುದು. ನಾಡಹಂದಿಗೆ ಮಾಂಸದ ಬೆಳವಣಿಗೆಯೇ ನಿಧಾನವಾದ್ದರಿಂದ ಯಾರ್ಕ್‌ಷೈರ್ ತಳಿಗೆ ಬೇಕಾದಷ್ಟು ಬೇಡ. ಇನ್ನು ಪಂದಿ ಕರಿಗೆ ಕೊಬ್ಬಿನ ತುಂಡೇ ರುಚಿಯೆನ್ನುವ ಕೊಡಗಿನ ಬಂಧುಗಳಿಗೊಂದು ಮಾತು: ಮಾರುವ ಮುಂಚಿನ ಕೆಲವು ವಾರ ಲೈಸಿನ್ ತುಸು ಕಡಿಮೆ ಮಾಡಿದರೆ ಮಾಂಸದ ಎಳೆಗಳ ನಡುವೆ ಕೊಬ್ಬು ಹೆಚ್ಚುತ್ತದೆ. ಆದರೆ ಆ ವಾರಗಳಲ್ಲಿ ತೂಕ ಏರುವುದೂ ನಿಧಾನ, ಕಿಲೋ ಲೆಕ್ಕದಲ್ಲಿ ಮಾರುವವರಿಗೆ ಅದು ಗಿಟ್ಟಲಿಕ್ಕಿಲ್ಲ.