ಬೆಳ್ಳುಳ್ಳಿ ಗಿಡಕ್ಕೂ ತುಕ್ಕು ಹಿಡಿಯುತ್ತದೆ!

ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಮಗೆಲ್ಲ ಗೊತ್ತು. ಬೆಳ್ಳುಳ್ಳಿ ಗಿಡಕ್ಕೂ ತುಕ್ಕು ಹಿಡಿಯುತ್ತದೆ ಅಂದರೆ ನಂಬುತ್ತೀರಾ? ಹೋದ ಚಳಿಗಾಲದವರೆಗೂ ನಾನೂ ನಂಬಿರಲಿಲ್ಲ.

2024ರ ಆರಂಭದಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಇನ್ನು ಹಿತ್ತಲಲ್ಲೇ ಬೆಳೆಯುವುದೆಂದು ಆಗಲೇ ನಿಶ್ಚಯಿಸಿದ್ದೆ. ಹೋದ ವರ್ಷ ಇನ್ನೊಂದು ಕಾರಣವೂ ಸೇರಿತು. ಮಗಳು ಚೊಚ್ಚಲ ಹೆರಿಗೆಗೆಂದು ಏಪ್ರಿಲ್‌ಗೆ ಬರುವವಳಿದ್ದಳು. ಬಾಣಂತಿ ಊಟಕ್ಕೆ ಬೆಳ್ಳುಳ್ಳಿ ಇಲ್ಲದಿದ್ದರೆ ಹೇಗೆ?

ನಮ್ಮ ಮಡಿಕೇರಿಯಲ್ಲಿ ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಎಸಳು ಊರಿದೆ. ಜಾಗ ಕಡಿಮೆಯೆಂದು ಒತ್ತೊತ್ತಾಗಿ ಊರಿದೆ. ಹಸಿರಾಗಿ ಬರಲಿ ಎಂದು ಯೂರಿಯಾ ಎರಡು ಸಲ ಕೊಟ್ಟೆ. ದಿನಾ ಸಂಜೆ, ತೂತು ಕೊರೆದ ಹಳೇ ಎಣ್ಣೆ ಡಬ್ಬಿಯಿಂದ ಗಿಡದ ತಲೆಯ ಮೇಲೇ ನೀರು ಸುರಿದೆ. ಮೂರೂ ತಪ್ಪೆಂದು ಆಮೇಲೆ ಗೊತ್ತಾಯಿತು.

ಜನವರಿಯ ಒಂದು ಬೆಳಿಗ್ಗೆ ನೋಡುತ್ತೇನೆ, ಎಲೆಯ ಮೇಲೆಲ್ಲ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆ! ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತಿತ್ತು. ಎದೆ ಧಸಕ್ಕೆಂದಿತು. "ತುಕ್ಕು ಡಬ್ಬೀಲಿ ನೀರು ಹಾಕಬೇಡ ಅಂತ ಬಡ್ಕೊಂಡೆ, ನೀನು ಕೇಳಿದ್ಯಾ?" ಎಂದರು ಅತ್ತೆ. ಪಕ್ಕದ ಮನೆಯವರು, "ಕಾಫಿ ತೋಟಕ್ಕೆ ತಂದ ಔಷಧಿ ಮಿಕ್ಕಿದೆ, ಹೊಡೀರಿ" ಎಂದರು. ಆದರೆ ಎಷ್ಟು ಹಾಕಬೇಕು, ಎಷ್ಟು ದಿನ ಬಿಟ್ಟು ಕೀಳಬೇಕು ಎಂದು ತಿಳಿಯದ ಔಷಧಿಯನ್ನು ಬಾಣಂತಿ ತಿನ್ನುವ ಗಡ್ಡೆಗೆ ಹೊಡೆಯಲು ನನಗೆ ಕೈ ಬರಲಿಲ್ಲ. ಕೃಷಿ ಓದಿರುವ ತಮ್ಮನಿಗೆ ಫೋನು ಮಾಡಿದೆ.

ಇದು ಏನು?

ಇದು ಕಬ್ಬಿಣದ ತುಕ್ಕಲ್ಲ, ಒಂದು ಜಾತಿಯ ಬೂಷ್ಟು. ಕಾಫಿ ಎಲೆಯ ತುಕ್ಕು ರೋಗ ಮಾಡುವ ಬೂಷ್ಟೇ ಬೇರೆ. ಅದು ಬೆಳ್ಳುಳ್ಳಿಗೆ ಬರುವುದಿಲ್ಲ. ಇದು ಬೆಳ್ಳುಳ್ಳಿ, ಈರುಳ್ಳಿ, ಈರುಳ್ಳಿ ಕುಲದ ಲೀಕ್ ಎಂಬ ತರಕಾರಿ, ಇಂಥವಕ್ಕೆ ಬರುವಂಥದು. ಮೊದಲು ಸಣ್ಣ ಬಿಳಿಚು ಚುಕ್ಕೆ, ಆಮೇಲೆ ಕಿತ್ತಳೆ ಗುಳ್ಳೆ, ಕೊನೆಗೆ ಕಪ್ಪು ಚುಕ್ಕೆ. ಸಂದೇಹವಿದ್ದರೆ ಬಿಳಿ ಬಟ್ಟೆಯಿಂದ ಎಲೆ ಒರೆಸಿ ನೋಡಿ. ಕಿತ್ತಳೆ ಪುಡಿ ಹತ್ತಿದರೆ ತುಕ್ಕು ರೋಗವೇ. ಪುಡಿ ಹತ್ತದೆ, ನಡುವೆ ನೇರಳೆ ಬಣ್ಣದ ಉದ್ದುದ್ದ ಮಚ್ಚೆಯಿದ್ದರೆ ಅದು ಬೇರೆ ರೋಗ.

ಆ ಪುಡಿ ಗಾಳಿಯಲ್ಲಿ ಹಾರಿ ಗಿಡದಿಂದ ಗಿಡಕ್ಕೆ ಹರಡುತ್ತದೆ. ತಂಪು ಹವೆಯಲ್ಲಿ ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಸಾಕು, ಬೇರೂರುತ್ತದೆ. ನಾನು ಸಂಜೆ ಸುರಿದ ನೀರು ರಾತ್ರಿಯಿಡೀ ಎಲೆಯ ಮೇಲೇ ಇತ್ತು! ಅತ್ತೆಯ ಮಾತು ಅರ್ಧ ಸರಿ. ತಪ್ಪು ಡಬ್ಬಿಯ ತುಕ್ಕಿನದಲ್ಲ, ಡಬ್ಬಿಯಿಂದ ಮೇಲಿನಿಂದ ಸುರಿದದ್ದು.

ಬಂದ ಮೇಲೆ ಏನು ಮಾಡಬೇಕು?

ತುಕ್ಕು ಹಿಡಿದ ಎಲೆ ಮತ್ತೆ ಮೊದಲಿನಂತಾಗುವುದಿಲ್ಲ. ಮಿಕ್ಕ ಎಲೆ ಉಳಿಸಿಕೊಳ್ಳುವುದೇ ನಮ್ಮ ಕೆಲಸ. ತೀರಾ ಕೆಟ್ಟ ಎಲೆಗಳನ್ನು ಮಾತ್ರ, ಇಬ್ಬನಿ ಆರಿದ ಮೇಲೆ ಕತ್ತರಿಸಿ ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಎಲ್ಲ ಎಲೆ ಕಿತ್ತರೆ ಗಡ್ಡೆ ದಪ್ಪವಾಗುವುದಿಲ್ಲ, ಗಡ್ಡೆಗೆ ಆಹಾರ ಎಲೆಯಿಂದಲೇ ಅಲ್ಲವೇ? ನೀರನ್ನು ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ. ಯೂರಿಯಾ ನಿಲ್ಲಿಸಿ.

ಔಷಧಿ ಬೇಕೇಬೇಕಾದರೆ, ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯನ್ನು ರೋಗ ಶುರುವಾಗುವಾಗಲೇ ಹೊಡೆಯಬೇಕು. ಅದೂ ಹೊಸ ಎಲೆಯನ್ನು ಕಾಯುತ್ತದೆಯೇ ಹೊರತು ಹಳೆಯದನ್ನು ಗುಣಪಡಿಸದು. ತೋಟಗಾರಿಕೆ ಇಲಾಖೆಯವರನ್ನು ಕೇಳಿ, ಪೊಟ್ಟಣದ ಮೇಲೆ ಬರೆದ ಅಳತೆ ಮೀರದೆ ಬಳಸಿ. ಉರಿಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬಾರದಂತೆ ತಡೆಯುವುದು

* ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಆರಿಸಿ.
* ಸಾಲಿನಿಂದ ಸಾಲಿಗೆ 15 ಸೆಂ.ಮೀ., ಎಸಳಿನಿಂದ ಎಸಳಿಗೆ 10 ಸೆಂ.ಮೀ. ಬಿಡಿ. ಗಾಳಿಯಾಡಿದರೆ ಎಲೆ ಬೇಗ ಒಣಗುತ್ತದೆ.
* ಒಲೆಯ ಬೂದಿಯನ್ನು ಮಣ್ಣಿಗೆ ತೆಳ್ಳಗೆ ಬೆರೆಸಿ. ಅದರಲ್ಲಿ ಪೊಟ್ಯಾಷ್ ಇದೆ.
* ಬೆಳೆ ಕಿತ್ತ ಮೇಲೆ ಒಣ ಎಲೆ, ಅಲ್ಲಲ್ಲಿ ತಾನಾಗಿ ಹುಟ್ಟಿದ ಬೆಳ್ಳುಳ್ಳಿ ಗಿಡ ಯಾವುದನ್ನೂ ಬಿಡಬೇಡಿ.
* ಅದೇ ಜಾಗದಲ್ಲಿ ಮೂರು ವರ್ಷ ಬೆಳ್ಳುಳ್ಳಿ, ಈರುಳ್ಳಿ ಬೇಡ. ಹುರುಳಿಕಾಯಿಯೋ ಸೊಪ್ಪೋ ಹಾಕಿ.

ಗಡ್ಡೆ ತಿನ್ನಬಹುದೇ?

ಧಾರಾಳವಾಗಿ ತಿನ್ನಬಹುದು. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಗಡ್ಡೆ ಸಣ್ಣದಾಗುತ್ತದೆ, ಅಷ್ಟೆ.

ಮಾರ್ಚಿಯಲ್ಲಿ ಕಿತ್ತಾಗ ಮೂರು ಕಿಲೋ ಆಸೆಯಿದ್ದಲ್ಲಿ ಎರಡು ಕಿಲೋ ಸಿಕ್ಕಿತು. ಒಂದೊಂದೂ ನಿಂಬೆಹಣ್ಣಿಗಿಂತ ಚಿಕ್ಕದು! ನೆರಳಲ್ಲಿ ಒಣಗಿಸಿ ಗೊಂಚಲು ಕಟ್ಟಿ ತೂಗುಹಾಕಿದೆ. ಅತ್ತೆ ಅದನ್ನೇ ತುಪ್ಪದಲ್ಲಿ ಕೆಂಪಗೆ ಹುರಿದು, ಬಿಸಿ ಅನ್ನದ ಮೇಲೆ ಹಾಕಿ ಮೊಮ್ಮಗಳಿಗೆ ಬಡಿಸಿದರು. "ಅಜ್ಜಿ, ಇನ್ನೂ ನಾಲ್ಕು ಎಸಳು ಹಾಕು" ಅಂದಳು ಮಗಳು. ನನಗೆ ಅಷ್ಟೇ ಸಾಕಾಗಿತ್ತು.

ಆ ತುಕ್ಕು ಡಬ್ಬಿ ಎಸೆದಿಲ್ಲ. ಪಾತಿಗೆ ಬೂದಿ ಉದುರಿಸಲು ಅದರ ತೂತುಗಳು ಹೇಳಿ ಮಾಡಿಸಿದಂತಿವೆ!